ನೂರು ಕಾರ್ಡಿನವನೂ ಗಿರಾಕಿಯೇ!

ಕನ್ನಡದ ಹುಡುಗರೇ, ಹುಡುಗಿಯರೇ,

ಇವತ್ತು ನಿಮ್ಮಲ್ಲಿ ಎಷ್ಟೋ ಮಂದಿ ಯಾವ ಕಂಪೆನಿಯ ಗೇಟಿಗೂ ಹೋಗದೆ, ಮನೆಯ ಒಂದು ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಅನ್ನ ಸಂಪಾದಿಸುತ್ತಿದ್ದೀರಿ. ಡಿಸೈನ್ ಮಾಡುತ್ತೀರಿ, ಡಿಟಿಪಿ ಮಾಡುತ್ತೀರಿ, ಅನುವಾದ ಮಾಡುತ್ತೀರಿ, ಮದುವೆ ವಿಡಿಯೋ ಎಡಿಟ್ ಮಾಡುತ್ತೀರಿ, ಅಂಗಡಿಗಳಿಗೆ ರೀಲ್ಸ್ ಮಾಡಿಕೊಡುತ್ತೀರಿ. ಯಾರ ಮುಂದೆಯೂ ಕೈಕಟ್ಟಿ ನಿಲ್ಲದ ದುಡಿಮೆ. ಬಹಳ ಸಂತೋಷ. ಆದರೆ ಈ ದುಡಿಮೆಯ ಜೊತೆಗೇ ಒಂದು ರೋಗವೂ ಅಂಟಿಕೊಂಡಿದೆ. ಅದನ್ನು ಮುಖಕ್ಕೇ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗಿರಾಕಿಯ ಗಾತ್ರ ನೋಡಿ ಮರ್ಯಾದೆ ಅಳೆಯುವ ರೋಗ!

ವೈಟ್‌ಫೀಲ್ಡಿನ ಕಂಪೆನಿಯಿಂದ ಮೆಸೇಜು ಬಂದರೆ ಎರಡು ನಿಮಿಷದಲ್ಲಿ ಉತ್ತರ. ‘ಶ್ಯೂರ್ ಸರ್, ಇವತ್ತು ರಾತ್ರಿಯೇ ಕಳಿಸ್ತೀನಿ ಸರ್.’ ಅದೇ ಕಾಮಾಕ್ಷಿಪಾಳ್ಯದ ಹಿಟ್ಟಿನ ಗಿರಣಿಯವರು ‘ಒಂದು ಬೋರ್ಡು ಡಿಸೈನ್ ಮಾಡಿಕೊಡಪ್ಪಾ’ ಅಂದರೆ ಮೂರು ದಿನ ಉತ್ತರವಿಲ್ಲ. ನಾಲ್ಕನೇ ದಿನ ‘ಬಿಜಿ ಇದ್ದೆ ಅಂಕಲ್’. ಕಂಪೆನಿಗೆ ಮೂರು ಸ್ಯಾಂಪಲ್ಲು. ಗಿರಣಿಗೆ ಯಾರಿಗೋ ಮಾಡಿದ್ದ ಹಳೇ ಫೈಲು, ಅದರಲ್ಲೂ ಹಿಂದಿನ ಗಿರಾಕಿಯ ಫೋನ್ ನಂಬರು ಹಾಗೇ ಕೂತಿರುತ್ತದೆ!

ನಾನು ಓದಿದ್ದು ಪಿಯುಸಿ. ಆಮೇಲೆ ಓದಿದ್ದೆಲ್ಲ ಪ್ರೂಫು. ಮ್ಯಾನೇಜ್‌ಮೆಂಟ್ ಪುಸ್ತಕ ನೋಡಿ ಉಪದೇಶ ಮಾಡಲು ಬಂದವನಲ್ಲ. ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು ನಡೆಸುತ್ತೇನೆ. ನೂರು ವಿಸಿಟಿಂಗ್ ಕಾರ್ಡು ಕೇಳುವವರೂ ಬರುತ್ತಾರೆ, ಐವತ್ತು ಸಾವಿರ ಕರಪತ್ರ ಕೇಳುವವರೂ ಬರುತ್ತಾರೆ. ಆ ಅನುಭವದಿಂದ ಹೇಳುವ ಮಾತಿದು.

ಮೆಶಿನ್ನಿಗೆ ಭೇದ ಗೊತ್ತಿಲ್ಲ

ಆಫ್‌ಸೆಟ್ ಮೆಶಿನ್ ಹತ್ತಿರ ಒಮ್ಮೆ ನಿಂತು ನೋಡಿ. ನಾಲ್ಕು ಬಣ್ಣದ ಕೆಲಸಕ್ಕೆ ನಾಲ್ಕು ಪ್ಲೇಟು ಬೇಕು. 500 ಪ್ರತಿಗೂ ನಾಲ್ಕೇ, 50,000 ಪ್ರತಿಗೂ ನಾಲ್ಕೇ. ಪ್ಲೇಟು ಕಟ್ಟಬೇಕು, ಇಂಕು ಹದ ಮಾಡಬೇಕು, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವವರೆಗೆ ಹಾಳೆ ಓಡಿಸಿ ಓಡಿಸಿ ನೋಡಬೇಕು. ಆ ಹಾಳೆಗಳೆಲ್ಲ ರದ್ದಿಗೆ. ಸಣ್ಣ ಕೆಲಸ ಅಂತ ಮೆಶಿನ್ನು ಒಂದು ಬಣ್ಣವನ್ನೂ ಬಿಟ್ಟುಕೊಡುವುದಿಲ್ಲ. ಹೊಂದಿಸದೆ ಓಡಿಸಿದರೆ ಕೆಂಪು ಒಂದು ಕಡೆ, ನೀಲಿ ಒಂದು ಕಡೆ!

ಹಾಗಾದರೆ ರೇಟು? ಇಲ್ಲೇ ತುಂಬ ಜನ ಎಡವುವುದು. ತಯಾರಿಯ ಖರ್ಚು ಲೆಕ್ಕಕ್ಕೆ 2,000 ರೂಪಾಯಿ ಅಂದುಕೊಳ್ಳಿ. 500 ಪ್ರತಿಗೆ ಹಂಚಿದರೆ ಪ್ರತಿಯೊಂದಕ್ಕೆ 4 ರೂಪಾಯಿ. 50,000 ಪ್ರತಿಗೆ ಹಂಚಿದರೆ 4 ಪೈಸೆ. ಸಣ್ಣ ಗಿರಾಕಿಗೆ ಒಂದು ಪ್ರತಿಯ ಬೆಲೆ ಜಾಸ್ತಿ ಬೀಳುವುದು ಮೋಸವಲ್ಲ, ಲೆಕ್ಕ. ಆದರೆ ಆ ಲೆಕ್ಕವನ್ನು ಅವನಿಗೆ ಬಿಡಿಸಿ ಹೇಳಬೇಕು. ‘ಅಣ್ಣಾ, ಇಷ್ಟು ಕಮ್ಮಿ ಪ್ರತಿಗೆ ಆಫ್‌ಸೆಟ್ ದುಬಾರಿ, ಡಿಜಿಟಲ್‌ನಲ್ಲಿ ತೆಗೆಸಿಕೊಳ್ಳಿ’ ಅಂತ ದಾರಿ ತೋರಿಸಬೇಕು. ಕಂಪೆನಿಯ ಪರ್ಚೇಸ್ ಮ್ಯಾನೇಜರಿಗೆ ಎಕ್ಸೆಲ್ ಶೀಟಿನಲ್ಲಿ ವಿವರ ಕೊಡುವ ನಾವು, ಹೂವಿನಂಗಡಿಯ ಅಕ್ಕನಿಗೆ ಬಾಯಲ್ಲಿ ಎರಡು ಮಾತು ಹೇಳಲು ಏನು ದಾಡಿ?

ಕಂಪ್ಯೂಟರಿನ ಮುಂದೆ ಕೂರುವ ನಿಮ್ಮದೂ ಇದೇ ಕತೆ. ಲೋಗೋ ಯಾರದ್ದೇ ಆಗಲಿ, ಯೋಚನೆ ಮಾಡಲೇಬೇಕು. ಅನುವಾದ ಒಂದು ಪುಟವಾಗಲಿ ನೂರು ಪುಟವಾಗಲಿ, ಪದ ಹುಡುಕಲೇಬೇಕು.

ಸಮ ಅಂದರೆ ಏನು?

ಎಲ್ಲರಿಗೂ ಒಂದೇ ರೇಟು ಅಂತ ಅಲ್ಲ. ಎಲ್ಲರಿಗೂ ಒಂದೇ ಹೊತ್ತು ಖರ್ಚು ಮಾಡಬೇಕು ಅಂತಲೂ ಅಲ್ಲ. ಐದು ಸಂಗತಿ ಮಾತ್ರ ಯಾರಿಗೂ ಕಮ್ಮಿ ಮಾಡಬಾರದು.

ಒಂದು, ಕೇಳಿದ ದಿನವೇ ಉತ್ತರ. ‘ಆಗುವುದಿಲ್ಲ’ ಅನ್ನುವುದಾದರೂ ಅವತ್ತೇ. ಎರಡು, ಬರೆದುಕೊಟ್ಟ ಕೊಟೇಶನ್ನು. ವಾಟ್ಸಾಪಿನಲ್ಲಿ ನಾಲ್ಕು ಸಾಲಾದರೂ ಸಾಕು. ಮೂರು, ಹೇಳಿದ ತಾರೀಕಿಗೆ ಕೆಲಸ. ನಾಲ್ಕು, ಪ್ರೂಫು ತೋರಿಸಿ ಒಪ್ಪಿಗೆ ಪಡೆಯುವುದು. ಐದು, ದುಡ್ಡು ತೆಗೆದುಕೊಂಡಿದ್ದಕ್ಕೆ ಬಿಲ್ಲು.

ಇದಕ್ಕೆ ಕಾನೂನಿನದೇ ಒಂದು ಉದಾಹರಣೆ ಕೊಡುತ್ತೇನೆ. ಚುನಾವಣೆ ಕರಪತ್ರ ಅಚ್ಚು ಹಾಕುವ ಪ್ರೆಸ್ಸಿನವರಿಗೆಲ್ಲ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಬಾಯಿಪಾಠ. ಕರಪತ್ರದ ಮೇಲೆ ಮುದ್ರಕ, ಪ್ರಕಾಶಕ ಇಬ್ಬರ ಹೆಸರು ವಿಳಾಸ ಇರಲೇಬೇಕು. ಪ್ರಕಾಶಕ ಘೋಷಣೆ ಬರೆದು ಸಹಿ ಹಾಕಿ, ಅವನನ್ನು ಖುದ್ದಾಗಿ ಬಲ್ಲ ಇಬ್ಬರಿಂದ ದೃಢೀಕರಿಸಿ ಎರಡು ಪ್ರತಿ ಕೊಡಬೇಕು. ಅಚ್ಚಾದ ಮೇಲೆ ಅಧಿಕಾರಿಗಳಿಗೆ ಪ್ರತಿ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಲಕ್ಷ ಕರಪತ್ರ ಹಾಕಿಸುವ ದೊಡ್ಡ ಪಕ್ಷಕ್ಕೂ ಇದೇ. ಠೇವಣಿ ಉಳಿಸಿಕೊಳ್ಳಲು ಒದ್ದಾಡುವ ಪಕ್ಷೇತರನ ಐನೂರು ಕರಪತ್ರಕ್ಕೂ ಇದೇ. ಜೈಲಿನ ಭಯ ಇದ್ದಾಗ ದೊಡ್ಡವ ಸಣ್ಣವ ಅಂತ ನೋಡದೆ ಎಲ್ಲ ಕಾಗದವನ್ನೂ ಸರಿ ಇಡುತ್ತೇವೆ. ಹಾಗಾದರೆ ಬೇರೆ ದಿನ ಯಾಕಾಗದು? ಭಯ ಇಲ್ಲದಿದ್ದರೆ ಶಿಸ್ತೂ ಇಲ್ಲವೇ?

ಕನ್ನಡದ ಕೆಲಸ ಕೊಡುವವರು ಯಾರು?

ಈಗ ಈ ಪತ್ರಿಕೆ ಓದುವವರಿಗೆ ನೇರ ತಟ್ಟಬೇಕಾದ ಮಾತು. ನಿಮ್ಮ ಆರ್ಡರುಗಳನ್ನು ಒಮ್ಮೆ ಎಣಿಸಿ. ಕನ್ನಡದಲ್ಲೇ ಬೇಕು ಅಂತ ಕೇಳಿಕೊಂಡು ಬರುವವರು ಯಾರು? ಜಾತ್ರೆಯ ಕರಪತ್ರದ ದೇವಸ್ಥಾನ ಕಮಿಟಿ. ನಾಟಕದ ಟಿಕೆಟ್ಟಿನ ಹವ್ಯಾಸಿ ತಂಡ. ಲಗ್ನಪತ್ರಿಕೆಯ ಮನೆಯವರು. ರಾಜ್ಯೋತ್ಸವದ ಪೋಸ್ಟರಿನ ಆಟೋ ಸ್ಟ್ಯಾಂಡಿನವರು. ಸ್ವಂತ ದುಡ್ಡಿನಲ್ಲಿ ಮುನ್ನೂರು ಪ್ರತಿ ಕವನ ಸಂಕಲನ ತರುವ ಮೇಷ್ಟ್ರು. ನನ್ನ ಪ್ರೆಸ್ಸಿನಲ್ಲಂತೂ ಇವರೇ. ದೊಡ್ಡ ಕಂಪೆನಿಗಳು ಇಂಗ್ಲಿಷಿನಲ್ಲಿ ಎಲ್ಲ ಮುಗಿಸಿ, ಕೊನೆಯಲ್ಲಿ ಯಂತ್ರದಿಂದ ತೆಗೆದ ಕನ್ನಡವನ್ನು ‘ಅಡ್ಜಸ್ಟ್ ಮಾಡಿ’ ಅಂತ ಕಳಿಸುವುದನ್ನೂ ಕಂಡಿದ್ದೇನೆ.

ಅಂದರೆ ಸಣ್ಣ ಗಿರಾಕಿಯನ್ನು ತಾತ್ಸಾರ ಮಾಡಿದರೆ ಕನ್ನಡದ ಕೆಲಸವನ್ನೇ ತಾತ್ಸಾರ ಮಾಡಿದಂತೆ!

ಅವರು ಫೋನಿನಲ್ಲಿ ಟೈಪ್ ಮಾಡಿ ಯೂನಿಕೋಡಿನಲ್ಲಿ ವಿಷಯ ಕಳಿಸುತ್ತಾರೆ. ನಮ್ಮ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೇ ಪೇಜ್‌ಮೇಕರು, ಹಳೇ ನುಡಿ ಫಾಂಟು. ಪರಿವರ್ತಿಸುವಾಗ ಒತ್ತಕ್ಷರ ಜಾರುತ್ತದೆ, ಅರ್ಕಾವತ್ತು ಕಳೆದುಹೋಗುತ್ತದೆ. ಸಣ್ಣ ಕೆಲಸ ಅಂತ ಯಾರೂ ಪ್ರೂಫ್ ಓದುವುದಿಲ್ಲ. ಲಗ್ನಪತ್ರಿಕೆಯಲ್ಲಿ ಬೀಗರ ಹೆಸರೇ ತಪ್ಪು! ಕಂಪೆನಿಗೆ ಸಾವಿರ ಬ್ರೋಷರು ಹಾಳಾದರೆ ಅದು ಬಜೆಟ್ಟಿನ ಒಂದು ಸಾಲು. ಈ ಮನೆಯವರಿಗೆ ಅದು ಮಗಳ ಮದುವೆ. ಇನ್ನೂರು ಮನೆಗೆ ಹಂಚುವ ಪತ್ರಿಕೆ. ಎರಡನೇ ಸಲ ಅಚ್ಚು ಹಾಕಿಸಲು ದುಡ್ಡೂ ಇಲ್ಲ, ದಿನವೂ ಇಲ್ಲ. ಹಾಗಾದರೆ ಯಾರ ಪ್ರೂಫನ್ನು ಎರಡು ಸಲ ಓದಬೇಕು, ಹೇಳಿ?

ಹೀಗೆ ಒಂದು ಸಲ ಏಟು ತಿಂದವನು ಮುಂದಿನ ಸಲ ಏನು ಮಾಡುತ್ತಾನೆ? ‘ಕನ್ನಡದಲ್ಲಿ ಬರೀ ತಪ್ಪು ಬರುತ್ತೆ, ಇಂಗ್ಲಿಷಲ್ಲೇ ಹಾಕಿಬಿಡಿ’ ಅನ್ನುತ್ತಾನೆ. ಈ ಮಾತನ್ನು ನನ್ನ ಕೌಂಟರಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಕನ್ನಡ ಬೋರ್ಡಿಗಾಗಿ ಬೀದಿಯಲ್ಲಿ ಕೂಗುವುದು ಒಂದು ಕಡೆ. ಕನ್ನಡ ಬೋರ್ಡು ಕೇಳಿ ಬಂದವನಿಗೆ ತಪ್ಪು ಕನ್ನಡ ಬರೆದುಕೊಡುವುದು ಇನ್ನೊಂದು ಕಡೆ. ಇದೆಂಥ ಹೋರಾಟ ಸ್ವಾಮಿ?

ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದವರು. ಒಂದು ಪುಸ್ತಕ ಕೊಳ್ಳುವವನ ಮನೆ ಬಾಗಿಲಿಗೂ ಹೋದರು. ಕನ್ನಡಕ್ಕೆ ಓದುಗರು ಹುಟ್ಟಿದ್ದು ಹಾಗೆ, ಒಬ್ಬೊಬ್ಬರಾಗಿ. ಇವತ್ತು ಒಬ್ಬ ಗಿರಾಕಿ ತಾನಾಗಿ ನಮ್ಮ ಬಾಗಿಲಿಗೆ ಬಂದರೆ ನಮಗೆ ಮೊಬೈಲಿನಿಂದ ತಲೆ ಎತ್ತಲು ಕಷ್ಟ!

ದೊಡ್ಡವರ ಮುಂದೆ ಬಾಲ ಯಾಕೆ?

ಈ ರೋಗಕ್ಕೆ ಇನ್ನೊಂದು ಮುಖ ಇದೆ. ಸಣ್ಣವರ ಮುಂದೆ ಹುಲಿಯಾಗುವವನು ದೊಡ್ಡವರ ಮುಂದೆ ಇಲಿಯಾಗುತ್ತಾನೆ. ಮೆಕ್ಯಾನಿಕ್ಕಿನವನಿಂದ ಅರ್ಧ ಅಡ್ವಾನ್ಸ್ ಕೈಗೆ ಬರುವವರೆಗೆ ಫೈಲೇ ತೆರೆಯುವುದಿಲ್ಲ. ಕಂಪೆನಿಗೆ ಮಾತ್ರ ಅಡ್ವಾನ್ಸ್ ಇಲ್ಲ, ಬರಹದಲ್ಲಿ ಒಪ್ಪಂದ ಇಲ್ಲ, ಕೆಲಸ ಕೊಟ್ಟು ಆರು ತಿಂಗಳು ಅಕೌಂಟ್ಸ್ ವಿಭಾಗಕ್ಕೆ ಅಲೆದಾಟ. ನನ್ನ ಪ್ರೆಸ್ಸಿಗೂ ಒಂದು ದೊಡ್ಡ ಸಂಸ್ಥೆ ಐದು ತಿಂಗಳು ಬಿಲ್ಲು ಬಾಕಿ ಇಟ್ಟಿತ್ತು. ಆ ಐದು ತಿಂಗಳು ಹುಡುಗರ ಸಂಬಳ ಕೊಟ್ಟಿದ್ದು ಯಾರ ದುಡ್ಡಿನಿಂದ ಗೊತ್ತೇ? ಬಿಲ್ ಬುಕ್ಕು, ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡಿನವರು ಕೈಯಲ್ಲಿ ಎಣಿಸಿ ಕೊಟ್ಟ ದುಡ್ಡಿನಿಂದ!

ನಿಮ್ಮ ಹಕ್ಕು ತಿಳಿದುಕೊಳ್ಳಿ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಸಣ್ಣ ಉದ್ಯಮದಿಂದ ಸರಕು ಅಥವಾ ಸೇವೆ ಪಡೆದವರು ಬರಹದಲ್ಲಿ ಒಪ್ಪಿದ ದಿನದೊಳಗೆ ದುಡ್ಡು ಕೊಡಬೇಕು. ಆ ಗಡುವು 45 ದಿನ ಮೀರುವಂತಿಲ್ಲ. ಬರಹದ ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ದೂರು ಕೊಡಲು ಫೆಸಿಲಿಟೇಶನ್ ಕೌನ್ಸಿಲ್ ಇದೆ. 2020ರ ಜುಲೈ 1ರಿಂದ ‘ಉದ್ಯಮ್’ ನೋಂದಣಿ ಬಂದಿದೆ. ಆನ್‌ಲೈನಿನಲ್ಲಿ ಪುಕ್ಕಟೆ ಆಗುತ್ತದೆ. ಒಬ್ಬರೇ ಕೂತು ಡಿಸೈನು, ಅನುವಾದ ಮಾಡುವವರೂ ಮಾಡಿಸಿಕೊಳ್ಳಬಹುದು. ದೊಡ್ಡ ಕೆಲಸ ಹಿಡಿಯುವ ಮೊದಲೇ ಮಾಡಿಸಿಕೊಳ್ಳಿ. ಬಿಲ್ಲಿನ ಮೇಲೆ ಆ ನಂಬರು ಹಾಕಿ.

ಸಮಾನವಾಗಿ ನೋಡುವುದು ಅಂದರೆ ಸಣ್ಣವನನ್ನು ಮೇಲೆತ್ತುವುದಷ್ಟೇ ಅಲ್ಲ, ದೊಡ್ಡವನಿಗೂ ಅದೇ ನಿಯಮ ಹಾಕುವುದು. ಅಡ್ವಾನ್ಸ್ ಅಂದರೆ ಇಬ್ಬರಿಗೂ ಅಡ್ವಾನ್ಸ್. ಗಡುವು ಅಂದರೆ ಇಬ್ಬರಿಗೂ ಗಡುವು.

‘ಸಣ್ಣ ಗಿರಾಕಿ ಕಿರಿಕಿರಿ’ ಅನ್ನುವವರಿಗೆ

ನಿಜ, ಕೆಲವರು ಚೌಕಾಸಿ ಮಾಡುತ್ತಾರೆ. ಹತ್ತು ಸಲ ಬದಲಾಯಿಸುತ್ತಾರೆ. ರಾತ್ರಿ ಹನ್ನೊಂದಕ್ಕೆ ಫೋನು ಮಾಡುತ್ತಾರೆ. ದೊಡ್ಡ ಗಿರಾಕಿಗಳು ಮಾಡುವುದಿಲ್ಲವೇ? ಅವರು ಮಾಡಿದರೆ ಅದಕ್ಕೆ ‘ರಿವಿಷನ್’ ಅನ್ನುತ್ತೀರಿ, ಇವರು ಮಾಡಿದರೆ ‘ತಲೆನೋವು’! ಮದ್ದು ಸುಲಭ. ಎರಡು ಸಲ ತಿದ್ದುವುದು ಪುಕ್ಕಟೆ, ಮೂರನೆಯದಕ್ಕೆ ಇಷ್ಟು ಅಂತ ಮೊದಲೇ ಹೇಳಿ. ಹೇಳದೆ ಒಳಗೇ ಸಿಟ್ಟಾಗಿ ಕೆಟ್ಟ ಕೆಲಸ ಕೊಡುವುದು ಗಂಡಸುತನವೂ ಅಲ್ಲ, ಹೆಣ್ಣುತನವೂ ಅಲ್ಲ, ಕಸುಬುದಾರಿಕೆಯಂತೂ ಅಲ್ಲವೇ ಅಲ್ಲ.

ಎಲ್ಲ ಕೆಲಸವನ್ನೂ ಒಪ್ಪಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಪುರುಸೊತ್ತಿಲ್ಲವೇ, ರೇಟು ಗಿಟ್ಟುವುದಿಲ್ಲವೇ, ‘ಆಗುವುದಿಲ್ಲ ಅಣ್ಣಾ, ಇಂಥ ಹುಡುಗ ಚೆನ್ನಾಗಿ ಮಾಡುತ್ತಾನೆ, ಅವನನ್ನು ಕೇಳಿ’ ಅಂತ ಅವತ್ತೇ ಹೇಳಿ ಕೈಮುಗಿಯಿರಿ. ಇನ್ನೊಬ್ಬ ಕನ್ನಡದ ಹುಡುಗನಿಗೆ ಕೆಲಸ ಸಿಗುತ್ತದೆ. ಒಪ್ಪಿಕೊಂಡ ಮೇಲೆ ಮಾತ್ರ ಅರ್ಧ ಮನಸ್ಸು ಬೇಡ.

ಗೆಳೆಯರೇ, ನಿಮ್ಮ ಫೋನು ತೆಗೆಯಿರಿ. ಉತ್ತರ ಕೊಡದೆ ಬಿಟ್ಟ ಮೆಸೇಜು ಯಾರ ಯಾರದ್ದಿದೆ ನೋಡಿ. ಟೈಲರ್ ಅಂಗಡಿಯವರದ್ದೇ? ಖಾನಾವಳಿಯವರದ್ದೇ? ಸಂಘದ ಕಾರ್ಯದರ್ಶಿಯದ್ದೇ? ಇವತ್ತೇ ಉತ್ತರ ಕೊಡಿ. ರೇಟು ಬರೆದು ಕಳಿಸಿ, ತಾರೀಕು ಹೇಳಿ, ಪ್ರೂಫು ಎರಡು ಸಲ ಓದಿ. ಅವರು ಕೇಳಿದ್ದು ಕನ್ನಡದ ಕೆಲಸ. ಅದನ್ನು ನೀವೇ ಚೆನ್ನಾಗಿ ಮಾಡಿಕೊಡದಿದ್ದರೆ ಇನ್ಯಾರು ಮಾಡಿಕೊಡಬೇಕು?