ಸಂಶಯವೇ ಸಾಕ್ಷ್ಯವಾದರೆ ದೇಶಕ್ಕೆ ರಕ್ಷಣೆ ಎಲ್ಲಿ?

2025ರ ಜುಲೈ ತಿಂಗಳಲ್ಲಿ, ಹತ್ತು ದಿನಗಳ ಅಂತರದಲ್ಲಿ, ಮುಂಬಯಿಯ ಎರಡು ನ್ಯಾಯಾಲಯಗಳಿಂದ ಎರಡು ಮಹತ್ವದ ತೀರ್ಪುಗಳು ಹೊರಬಿದ್ದವು. 21ರಂದು ಮುಂಬಯಿ ಉಚ್ಚ ನ್ಯಾಯಾಲಯವು 2006ರ ಲೋಕಲ್ ರೈಲು ಸ್ಫೋಟ ಪ್ರಕರಣದ 12 ಮಂದಿಯನ್ನು ಖುಲಾಸೆಗೊಳಿಸಿತು. 31ರಂದು ವಿಶೇಷ ಎನ್.ಐ.ಎ. ನ್ಯಾಯಾಲಯವು 2008ರ ಮಾಲೆಗಾಂವ್ ಸ್ಫೋಟ ಪ್ರಕರಣದ 7 ಮಂದಿಯನ್ನು ದೋಷಮುಕ್ತಗೊಳಿಸಿತು. ಮೊದಲನೆಯದರಲ್ಲಿ ಆರೋಪಿಗಳು ಮುಸ್ಲಿಮರು, ಎರಡನೆಯದರಲ್ಲಿ ಹಿಂದೂಗಳು. ಆರೋಪ ಸಾಬೀತಾಗಲಿಲ್ಲ ಎಂಬ ಕಾರಣ ಮಾತ್ರ ಎರಡಕ್ಕೂ ಒಂದೇ. ಆದರೂ ಮೊದಲನೆಯ ತೀರ್ಪಿಗೆ 'ಉಗ್ರರು ಪಾರಾದರು' ಎಂದೂ, ಎರಡನೆಯದಕ್ಕೆ 'ನಿರಪರಾಧಿಗಳಿಗೆ ನ್ಯಾಯ ದೊರೆಯಿತು' ಎಂದೂ ಹೇಳಿದವರು ನಮ್ಮ ನಡುವೆ ಕಡಿಮೆಯಿಲ್ಲ. ಒಂದೇ ವಸ್ತುವಿಗೆ ಎರಡು ತಕ್ಕಡಿ ಹಿಡಿಯುವ ಈ ಮನೋಭಾವವನ್ನು ನಾವು ಪರಿಶೀಲಿಸಬೇಕಾಗಿದೆ.

2006ರ ಜುಲೈ 11ರ ಸಂಜೆಯನ್ನು ಮುಂಬಯಿಗರಾರೂ ಮರೆಯಲಾರರು. ಪಶ್ಚಿಮ ರೈಲ್ವೆಯ ಪ್ರಥಮ ದರ್ಜೆಯ ಡಬ್ಬಿಗಳಲ್ಲಿ ಕೇವಲ 11 ನಿಮಿಷಗಳೊಳಗೆ ಏಳು ಬಾಂಬುಗಳು ಸಿಡಿದು 180ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 800ಕ್ಕೂ ಹೆಚ್ಚು ಜನ ಗಾಯಗೊಂಡರು. 2015ರಲ್ಲಿ ವಿಶೇಷ ನ್ಯಾಯಾಲಯವು ಐವರಿಗೆ ಮರಣದಂಡನೆ, ಏಳು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವರಲ್ಲೊಬ್ಬರು 2021ರಲ್ಲಿ ಸೆರೆಯಲ್ಲಿರುವಾಗಲೇ ತೀರಿಕೊಂಡರು.

ಉಚ್ಚ ನ್ಯಾಯಾಲಯ ಕಂಡುಕೊಂಡದ್ದೇನು? ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಮಹಾರಾಷ್ಟ್ರದ 1999ರ ಮಕೋಕಾ ಕಾಯಿದೆ ಅದಕ್ಕೆ ಮಾನ್ಯತೆ ಕೊಟ್ಟಿದೆ. ಈ ಪ್ರಕರಣದ ತಪ್ಪೊಪ್ಪಿಗೆಗಳಲ್ಲಿ ಹಲವು ಭಾಗಗಳು ಒಂದನ್ನೊಂದು ನಕಲು ಮಾಡಿದಂತಿದ್ದವು. ಅವನ್ನು ಹಿಂಸೆ ಕೊಟ್ಟು ಪಡೆಯಲಾಗಿತ್ತೆಂದು ನ್ಯಾಯಾಲಯ ಹೇಳಿತು. ಮುಖ್ಯ ಸಾಕ್ಷಿಗಳು ನೂರಕ್ಕೂ ಹೆಚ್ಚು ದಿನ ಮೌನವಾಗಿದ್ದು ಆಮೇಲೆ ಆರೋಪಿಗಳನ್ನು ಗುರುತಿಸಿದ್ದರು. ಗುರುತು ಪತ್ತೆಯ ಪರೇಡ್ ನಡೆಸಿದವರಿಗೆ ಆಗ ಆ ಅಧಿಕಾರವೇ ಇರಲಿಲ್ಲ. ಯಾವ ಬಗೆಯ ಬಾಂಬು ಬಳಕೆಯಾಯಿತೆಂಬುದೂ ಸಾಬೀತಾಗಲಿಲ್ಲ.

ರಾಜ್ಯ ಸರ್ಕಾರ ಕೂಡಲೇ ಮೇಲ್ಮನವಿ ಸಲ್ಲಿಸಿತು. ಜುಲೈ 24ರಂದು ಸರ್ವೋಚ್ಚ ನ್ಯಾಯಾಲಯವು ಈ ತೀರ್ಪನ್ನು ಇತರ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಬಳಸಬಾರದೆಂದಿತು. ಬಿಡುಗಡೆಯಾದವರನ್ನು ಮರಳಿ ಜೈಲಿಗೆ ಕಳುಹಿಸಲಿಲ್ಲ. ಮಾಲೆಗಾಂವ್ ತೀರ್ಪಿನ ವಿರುದ್ಧವಾದರೋ, ಮೃತರ ಕುಟುಂಬದವರೇ 2025ರ ಸೆಪ್ಟೆಂಬರಿನಲ್ಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು.

ರಾಷ್ಟ್ರದ ಸುರಕ್ಷತೆಯ ಮುಂದೆ ಕೆಲವರ ಹಕ್ಕುಗಳು ದೊಡ್ಡದಲ್ಲ ಎಂಬ ವಾದವನ್ನು ನಾವು ಆಗಾಗ ಕೇಳುತ್ತೇವೆ. ಆದರೆ ಅಮಾಯಕನೊಬ್ಬ ಜೈಲು ಸೇರಿದ ದಿನವೇ ನಿಜವಾದ ಅಪರಾಧಿ ನಿಶ್ಚಿಂತನಾಗುತ್ತಾನೆ. ಪ್ರಕರಣ ಬಗೆಹರಿಯಿತೆಂಬ ಹುಸಿ ಸಮಾಧಾನ ಜನರಿಗೆ ಸಿಗುವಾಗ ನೈಜ ಅಪಾಯ ಹೊರಗೇ ಉಳಿಯುತ್ತದೆಂದು ಉಚ್ಚ ನ್ಯಾಯಾಲಯವೂ ಎಚ್ಚರಿಸಿದೆ. 2006ರ ಸೆಪ್ಟೆಂಬರಿನಲ್ಲಿ ಮಾಲೆಗಾಂವ್‌ನ ಮಸೀದಿ, ಸ್ಮಶಾನಗಳ ಬಳಿ ಬಾಂಬು ಸಿಡಿದು ಸತ್ತವರು ಮುಸ್ಲಿಮರು. ಬಂಧಿತರಾದ ಒಂಬತ್ತು ಮಂದಿಯೂ ಮುಸ್ಲಿಮರೇ. ಅವರು ಆರೋಪದಿಂದ ಮುಕ್ತರಾಗಲು 2016ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಆ ಹೊತ್ತಿಗೂ ಸ್ಫೋಟಕ್ಕಾಗಿ ಒಬ್ಬರಿಗೂ ಶಿಕ್ಷೆಯಾಗಿರಲಿಲ್ಲ. ಇದರಿಂದ ಭದ್ರವಾದದ್ದು ಯಾರು?

ಭಯೋತ್ಪಾದನೆ ಕಲ್ಪನೆಯಲ್ಲ, ಅದನ್ನು ಕಠಿಣವಾಗಿಯೇ ಹತ್ತಿಕ್ಕಬೇಕು. ಅದಕ್ಕೆ ಸರಿಯಾದ ದಾರಿಯನ್ನೂ ಮುಂಬಯಿಯೇ ತೋರಿಸಿದೆ. 2008ರ ನವೆಂಬರ್ 26ರ ದಾಳಿಯಲ್ಲಿ ಸೆರೆಸಿಕ್ಕ ಕಸಬ್‌ಗೂ ವಕೀಲರನ್ನು ಒದಗಿಸಿ, ಸಾಕ್ಷ್ಯಗಳನ್ನು ಒರೆಗೆ ಹಚ್ಚಿ, ಸರ್ವೋಚ್ಚ ನ್ಯಾಯಾಲಯದವರೆಗೂ ವಿಚಾರಣೆ ನಡೆಸಿ, 2012ರಲ್ಲಿ ಗಲ್ಲಿಗೇರಿಸಲಾಯಿತು. ಅದೇ ವಿಚಾರಣೆಯಲ್ಲಿ ಇಬ್ಬರು ಭಾರತೀಯ ಮುಸ್ಲಿಮರು ಸಾಕ್ಷ್ಯವಿಲ್ಲದೆ ಖುಲಾಸೆಯಾದರು. ಜಗತ್ತು ಆ ತೀರ್ಪಿನತ್ತ ಬೆರಳು ತೋರಿಸಲಾಗದಿದ್ದುದು ಈ ಕಟ್ಟುನಿಟ್ಟಿನಿಂದಲೇ. ಸತ್ತ ಒಂಬತ್ತು ದಾಳಿಕೋರರ ಶವಗಳಿಗೆ ತಮ್ಮ ಸ್ಮಶಾನದಲ್ಲಿ ಜಾಗವಿಲ್ಲವೆಂದು ನಿರಾಕರಿಸಿದವರು ಈ ನಗರದ ಮುಸ್ಲಿಮರೇ ಎಂಬುದನ್ನೂ ನೆನೆಯಬೇಕು.

ಹೆಸರು, ಉಡುಪು, ನುಡಿಗಳಿಂದಲೇ ಅನ್ಯರೆನಿಸಿಕೊಳ್ಳುವ ಕಷ್ಟ ಮುಂಬಯಿ ಕನ್ನಡಿಗರಿಗೆ ಅಪರಿಚಿತವೇನಲ್ಲ. 1960ರ ದಶಕದಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಎದ್ದ ಚಳವಳಿಯಲ್ಲಿ ಉಡುಪಿ ಹೋಟೆಲುಗಳು ಕಲ್ಲೇಟು ತಿಂದುದನ್ನು ನಮ್ಮ ಹಿರಿಯರು ಕಂಡವರು. ಅಂದು ನಮಗೆ ಆಸರೆಯಾದದ್ದು ಯಾವ ಭಾರತೀಯನೂ ದೇಶದ ಯಾವ ಮೂಲೆಯಲ್ಲಾದರೂ ನೆಲೆಸಿ ದುಡಿಯಬಹುದೆಂದ ಸಂವಿಧಾನ. ಕಾನೂನಿನ ಮುಂದೆ ಎಲ್ಲರೂ ಸಮಾನರೆಂಬ 14ನೆಯ ವಿಧಿ, ಜೀವ ಮತ್ತು ಸ್ವಾತಂತ್ರ್ಯಗಳನ್ನು ಕಾಯುವ 21ನೆಯ ವಿಧಿ ಇರುವುದೂ ಅದೇ ಗ್ರಂಥದಲ್ಲಿ. ನಮ್ಮ ಸೊಸೈಟಿಯಲ್ಲಿ ಬಾಡಿಗೆ ಮನೆ ಕೇಳಿ ಬಂದವರ ಹೆಸರು ಕೇಳಿದೊಡನೆ ಬಾಗಿಲು ಮುಚ್ಚುವ ಮುನ್ನ, ಆ ಗ್ರಂಥ ಒಂದು ಕಾಲದಲ್ಲಿ ನಮ್ಮ ಬಾಗಿಲನ್ನೂ ಕಾದಿತ್ತೆಂಬುದು ನಮ್ಮ ನೆನಪಿನಲ್ಲಿರಲಿ.