ಪರಿಹಾರ ಬರಬೇಕಾದರೆ ಪಹಣಿ ಸರಿಯಾಗಲಿ

ಮಳೆ ಜೋರಾದ ವರ್ಷ ಬೆಳ್ತಂಗಡಿ, ಬಂಟ್ವಾಳ, ಪುತ್ತೂರು, ಸುಳ್ಯ ಕಡೆಯ ನಮ್ಮ ಮನೆಗಳಲ್ಲಿ ಒಂದೇ ಮಾತು: ತೋಟ ಹೋಯ್ತು, ಪರಿಹಾರ ಬಂತಾ? ಪಕ್ಕದ ಮನೆಯವರಿಗೆ ಬಂದಿರುತ್ತದೆ, ನಮಗೆ ಬಂದಿರುವುದಿಲ್ಲ. ಆಗ ನಾವು ಸರ್ಕಾರವನ್ನು ಬೈಯುತ್ತೇವೆ. ಕೆಲವು ಸಲ ಬೈಗುಳ ನ್ಯಾಯವೇ. ಆದರೆ ಬಹಳ ಸಲ ತಡೆ ಇರುವುದು ನಮ್ಮ ಮನೆಯ ಕಪಾಟಿನಲ್ಲಿರುವ ಪಹಣಿಯಲ್ಲಿ.

ಮೊದಲು ಮೊತ್ತ ಎಷ್ಟು ನೋಡೋಣ. 2022ರಿಂದ ಜಾರಿಗೆ ಬಂದ ಕೇಂದ್ರದ ದರಪಟ್ಟಿ ಪ್ರಕಾರ ಪ್ರಕೃತಿ ವಿಕೋಪದಲ್ಲಿ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾದರೆ ಅಡಿಕೆ, ತೆಂಗಿನಂಥ ಬೆಳೆಗೆ ಹೆಕ್ಟೇರಿಗೆ 22,500 ರೂ., ಅದೂ 2 ಹೆಕ್ಟೇರಿಗೆ ಮಾತ್ರ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 9,100 ರೂ. ಅರ್ಧ ಎಕರೆಯವನಿಗೆ ನಾಲ್ಕೂವರೆ ಸಾವಿರ. ಮೈಲುತುತ್ತು, ಸುಣ್ಣ, ಮದ್ದು ಬಿಡುವವರ ಕೂಲಿ ಗೊತ್ತಿದ್ದವರಿಗೆ ಇದು ಎಷ್ಟು ಅಂತ ಹೇಳಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ, ದಿಡುಪೆ ಕಡೆ ತೋಟಗಳಲ್ಲಿ ಮರಳು ತುಂಬಿದ್ದನ್ನು ನೋಡಿದ್ದೇವೆ. ಹಾಗೆ ಮೂರು ಇಂಚಿಗಿಂತ ಹೆಚ್ಚು ಮರಳು, ಹೂಳು ನಿಂತರೆ ತೆಗೆಯಲು ಈಗ ಹೆಕ್ಟೇರಿಗೆ 18,000 ರೂ. ಬೇರೆ ಇದೆ. ದರ ಏರಿಸಬೇಕೆಂದು ರೈತರು ಕೇಳುವುದು ಸರಿಯಾಗಿಯೇ ಇದೆ.

ಆದರೆ ಇಷ್ಟಾದರೂ ಕೈಗೆ ಬರಲು ಪಹಣಿಯ 9ನೇ ಕಾಲಂನಲ್ಲಿ ನಿಮ್ಮ ಹೆಸರು ಇರಬೇಕು. ಫ್ರೂಟ್ಸ್ ನೋಂದಣಿ ಆಗಿರಬೇಕು, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಚಾಲ್ತಿಯಲ್ಲಿರಬೇಕು. ನಮ್ಮಲ್ಲಿ ಏನಾಗಿದೆ? ಅಜ್ಜ ಮರ್‌ಹೂಂ ಆಗಿ ಇಪ್ಪತ್ತು ವರ್ಷ ಕಳೆದರೂ ಜಾಗ ಅವರ ಹೆಸರಲ್ಲೇ ಇದೆ. ಮಕ್ಕಳಲ್ಲಿ ಇಬ್ಬರು ಗಲ್ಫ್‌ನಲ್ಲಿ, ಒಬ್ಬ ಮಂಗಳೂರಲ್ಲಿ. ತೋಟ ನೋಡುವ ತಮ್ಮನ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಗಲ್ಫ್‌ನವನ ಊರಿನ ಖಾತೆ ವ್ಯವಹಾರ ಇಲ್ಲದೆ ನಿಂತುಹೋಗಿದೆ. ಮರಣ ಹೊಂದಿದವರ ಖಾತೆಗೆ ಯಾವ ಸರ್ಕಾರ ದುಡ್ಡು ಹಾಕೀತು?

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ನಿರ್ವಾಹವಿಲ್ಲ. ಪೌತಿ ಖಾತೆ ಮಾಡಿಸಿಲ್ಲ ಏಕೆ ಅಂತ ಕೇಳಿದರೆ ಖರ್ಚು, ಅಲೆದಾಟ ಎನ್ನುತ್ತಾರೆ. ನಿಜವಾದ ಕಾರಣ ಎಷ್ಟೋ ಮನೆಗಳಲ್ಲಿ ಬೇರೆಯೇ. ವಂಶವೃಕ್ಷ ಬರೆದರೆ ಸಹೋದರಿಯರ ಹೆಸರೂ ಬರುತ್ತದೆ! ಮದುವೆಯಲ್ಲಿ ಚಿನ್ನ ಕೊಟ್ಟಾಗಿದೆ, ಇನ್ನೇನು ಪಾಲು ಎನ್ನುವವರಿದ್ದಾರೆ. ಮದುವೆಗೆ ಕೊಟ್ಟದ್ದು ಮೀರಾಸ್ ಅಲ್ಲ. ಸೂರಃ ಅನ್ನಿಸಾದಲ್ಲಿ ಅಲ್ಲಾಹನೇ ನಿಗದಿ ಮಾಡಿದ ಪಾಲು ಅದು. ಸಾಲ, ವಸಿಯ್ಯತ್ ತೀರಿಸಿದ ಮೇಲೆ ಉಮ್ಮನಿಗೆ ಎಂಟರಲ್ಲಿ ಒಂದು, ಉಳಿದದ್ದರಲ್ಲಿ ಗಂಡಿಗೆ ಎರಡಾದರೆ ಹೆಣ್ಣಿಗೆ ಒಂದು ಎಂಬ ಲೆಕ್ಕ ಮದ್ರಸದ ಮಕ್ಕಳಿಗೂ ಬರುತ್ತದೆ. ಪಾಲು ಬಾಕಿ ಇರುವ ತೋಟದ ಅಡಿಕೆಯಲ್ಲೂ ಅವರ ಹಕ್ಕಿದೆ. ಸಹೋದರಿ ಸಂತೋಷದಿಂದ ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ, ಆದರೆ ಬಿಡಲು ಮೊದಲು ಅವಳ ಕೈಗೆ ಕೊಟ್ಟಿರಬೇಕಲ್ಲವೇ?

ಹಾಗೆಯೇ, ಹತ್ತು ಮರ ಬಿದ್ದದ್ದನ್ನು ಐವತ್ತು ಅಂತ ಬರೆಸುವುದೂ ಬೇಡ. ಅದು ಇನ್ನೊಬ್ಬ ಸಂತ್ರಸ್ತನ ದುಡ್ಡು.

ಜಮಾಅತ್ ಕಮಿಟಿಗಳು ಒಂದು ಕೆಲಸ ಮಾಡಬಹುದು. ಜುಮಾ ಬಳಿಕ ಕಾಗದಪತ್ರ ತಿಳಿದ ಯುವಕರನ್ನು ಕೂರಿಸಿ, ಯಾರ ಜಾಗ ಇನ್ನೂ ಮರಣ ಹೊಂದಿದವರ ಹೆಸರಲ್ಲಿದೆ ಎಂದು ಪಟ್ಟಿ ಮಾಡಲಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್ ಹಿಡಿದು ನಾಡಕಚೇರಿಗೆ ಹೋಗಲು ವಯಸ್ಸಾದ ಉಮ್ಮಂದಿರಿಗೆ ಜೊತೆಯಾಗಲಿ. ಗಲ್ಫ್‌ನಲ್ಲಿರುವವರು ರಜೆಗೆ ಬಂದಾಗ ಮದುವೆ, ಔತಣಗಳ ನಡುವೆ ಒಂದು ದಿನ ಇದಕ್ಕೂ ಇಡಲಿ. ಮುಂದಿನ ಮಳೆಗಾಲಕ್ಕೆ ಇನ್ನು ಹೆಚ್ಚು ತಿಂಗಳಿಲ್ಲ.