ಹಾರ್ವರ್ಡ್ ಬಿಟ್ಟವರು ಸೋತವರಲ್ಲ

ಡಚ್ ಪಾದ್ರಿ ಹೆನ್ರಿ ನೌವೆನ್ ಯೇಲ್, ಹಾರ್ವರ್ಡ್‌ಗಳಲ್ಲಿ ಪಾಠ ಹೇಳಿದವರು. 1986ರಲ್ಲಿ ಅವರು ಟೊರಾಂಟೊ ಬಳಿಯ ಡೇಬ್ರೇಕ್ ಸೇರಿದರು. ಬೌದ್ಧಿಕ ಅಂಗವೈಕಲ್ಯ ಇರುವವರೂ ಇಲ್ಲದವರೂ ಒಂದೇ ಸೂರಿನಡಿ ಬಾಳುವ ಲಾರ್ಶ್ ಸಮುದಾಯ ಅದು. 1996ರಲ್ಲಿ ತೀರಿಕೊಳ್ಳುವ ತನಕ ಅದೇ ಅವರ ಮನೆ. ಕ್ರೈಸ್ತನ ಬಾಳಿಗೆ ಅರ್ಥ ಸಿಗುವುದು ಸಾಧನೆಯಿಂದಲ್ಲ, ಸಹವಾಸದಿಂದ ಎನ್ನುವಾಗ ನಾನು ಇವರ ಹೆಸರೆತ್ತುತ್ತೇನೆ. ಒಪ್ಪದವರ ಮಾತುಗಳಿಗೆ ಇಲ್ಲಿ ಉತ್ತರ ಕೊಡುತ್ತೇನೆ.

‘ಕೈಲಾಗದವರಿಗೆ ಚರ್ಚು ಆಸರೆ’ ಎನ್ನುತ್ತಾರೆ. ನೌವೆನ್‌ಗೆ ಏನು ಕೈಲಾಗದೆ ಇತ್ತು? ಪೀಠ, ಓದುಗರು, ಹೆಸರು ಎಲ್ಲವೂ ಇತ್ತು. ಇದ್ದೂ ಒಳಗೆ ಬರಿದಾಗಿದ್ದೇನೆಂದು ಅವರೇ ಹೇಳಿಕೊಂಡರು.

‘ಗಳಿಸಿದ ಮೇಲೆ ಬಿಡುವುದು ಸುಲಭ, ಅಲ್ಲಿಂದಲೂ ಪುಸ್ತಕ ಬರೆದರಲ್ಲ’ ಎಂಬುದು ಇದಕ್ಕಿಂತ ಗಟ್ಟಿ ಮಾತು. ಬರೆದದ್ದು ನಿಜ. ಆದರೆ ಅವರ ಬೆಳಗುಗಳನ್ನೂ ನೋಡಿ. ಅವರ ಪಾಲಿಗೆ ಬಂದವನು ಆಡಂ ಎಂಬ ಯುವಕ. ಅವನಿಗೆ ಮಾತಿಲ್ಲ, ಒಬ್ಬನೇ ಬಟ್ಟೆ ಹಾಕಿಕೊಳ್ಳಲಾರ, ಸಾಲದ್ದಕ್ಕೆ ಮೂರ್ಛೆರೋಗ. ಎಬ್ಬಿಸಿ, ಸ್ನಾನ ಮಾಡಿಸಿ, ಗಡ್ಡ ಬೋಳಿಸಿ, ಹಲ್ಲುಜ್ಜಿಸಿ, ತಿಂಡಿಗೆ ಕೂರಿಸುವಷ್ಟರಲ್ಲಿ ಸುಮಾರು ಎರಡು ಗಂಟೆ. ತಾನು ಅವಸರ ಮಾಡಿದಾಗ ಆಡಂಗೆ ಮೂರ್ಛೆ ಬರುತ್ತಿತ್ತೆಂದು ನೌವೆನ್ ಬರೆದಿದ್ದಾರೆ. ಆ ಕೋಣೆಯಲ್ಲಿ ಅವರ ಪುಸ್ತಕಗಳ ಹೆಸರು ಯಾರಿಗೂ ಬೇಕಿರಲಿಲ್ಲ. ನೀರು ಹದವಾಗಿರಬೇಕಿತ್ತು, ಕೈ ಮೆತ್ತಗಿರಬೇಕಿತ್ತು. ಆಡಂಗೆ ಉಪಕಾರ ಮಾಡುತ್ತಿದ್ದೇನೆ ಎಂದಲ್ಲ, ಆಡಂ ತನ್ನ ಗುರು ಎಂದೇ ಅವರು ಕೊನೆಗೆ ಕಂಡುಕೊಂಡದ್ದು.

‘ಸಮುದಾಯದಲ್ಲಿದ್ದೂ ಅವರು ಕುಸಿದರಲ್ಲ’ ಎಂದರೆ, ಹೌದು, ಕುಸಿದರು. 1987ರ ಕೊನೆಯಲ್ಲಿ ತೀವ್ರ ಖಿನ್ನತೆ ಬಂದು ತಿಂಗಳುಗಟ್ಟಲೆ ದೂರ ಹೋಗಿ ಆರೈಕೆ ಪಡೆದರು. ಸಮುದಾಯ ಔಷಧಿಯೆಂದು ನಾನು ಹೇಳಿಲ್ಲ. ಪ್ರವಚನ ಮಾಡಲಾಗದ, ಯಾರಿಗೂ ಉಪಯೋಗವಿಲ್ಲದ ಆ ದಿನಗಳಲ್ಲೂ ಡೇಬ್ರೇಕ್ ಅವರ ಕೈಬಿಡಲಿಲ್ಲ. ಮರಳಿ ಬಂದಾಗ ಅವರ ಜಾಗ ಅಲ್ಲೇ ಇತ್ತು.

ಇನ್ನು ಅತಿ ಕಠಿಣವಾದ ಆಕ್ಷೇಪ. 1964ರಲ್ಲಿ ಫ್ರಾನ್ಸಿನಲ್ಲಿ ಲಾರ್ಶ್ ಕಟ್ಟಿದ ಜಾನ್ ವಾನಿಯೇ, ಆಧ್ಯಾತ್ಮಿಕ ಮಾರ್ಗದರ್ಶನದ ನೆಪದಲ್ಲಿ ಹಲವು ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದರೆಂದು ಅವರು ಸತ್ತ ಮರುವರ್ಷ, 2020ರಲ್ಲಿ, ಬಯಲಾಯಿತು. ‘ನಿಮ್ಮ ಆದರ್ಶ ಸಮುದಾಯ ಇದೇನಾ?’ ಎಂಬ ಪ್ರಶ್ನೆಗೆ ಆ ಮಹಿಳೆಯರ ನೋವನ್ನು ಮರೆತು ಉತ್ತರಿಸುವುದು ಪಾಪ. ವಾನಿಯೇಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅಲ್ಲಿ ನಡೆದದ್ದನ್ನು ಸರಿಯಾಗಿ ಓದಬೇಕು. ಒಬ್ಬ ಮನುಷ್ಯನನ್ನು ಜೀವಂತ ಸಂತನೆಂದು ಮೇಲೆ ಕೂರಿಸಿ, ಅವನನ್ನು ಪ್ರಶ್ನಿಸುವವರೇ ಇಲ್ಲದಂತಾಗಿತ್ತು. ಅದು ಸಾಧಕನ ಆರಾಧನೆ, ಸಹವಾಸವಲ್ಲ. ದೂರು ಬಂದ ಮೇಲೆ ತನಿಖೆ ಮಾಡಿಸಿ, ತನ್ನ ಸ್ಥಾಪಕನ ಹೆಸರು ಮಣ್ಣುಪಾಲಾದರೂ ಸರಿ ಎಂದು ವರದಿಯನ್ನು ಲೋಕದ ಮುಂದಿಟ್ಟದ್ದು ಲಾರ್ಶ್. ದೊಡ್ಡವರ ತಪ್ಪು ಮುಚ್ಚುವ ಚಾಳಿಯಿರುವ ಸಭೆಗಳೆಲ್ಲ ಇಷ್ಟನ್ನಾದರೂ ಕಲಿಯಬೇಕು.

‘ಇದೆಲ್ಲ ಪರದೇಶದ ಕತೆ’ ಎನ್ನುವವರಿಗೆ: ಲಾರ್ಶ್‌ನ ಭಾರತದ ಮೊದಲ ಮನೆ ಆಶಾ ನಿಕೇತನ ಶುರುವಾದದ್ದು ಬೆಂಗಳೂರಿನಲ್ಲಿ, 1970ರಲ್ಲಿ.

‘ನಮ್ಮ ಮಕ್ಕಳು ಓದುವುದು ಬೇಡವೇ?’ ಬೇಕು, ಚೆನ್ನಾಗಿಯೇ ಓದಲಿ. ದೇಹದಲ್ಲಿ ದುರ್ಬಲವಾಗಿ ಕಾಣುವ ಅಂಗಗಳೇ ಹೆಚ್ಚು ಅಗತ್ಯವೆಂದು ಕೊರಿಂಥದವರಿಗೆ ಪೌಲ ಬರೆದದ್ದನ್ನು ನಮ್ಮ ಚರ್ಚುಗಳಲ್ಲಿ ಓದುತ್ತೇವೆ. ಆದರೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಮರು ಭಾನುವಾರ ಹೆಚ್ಚು ಅಂಕ ಬಂದವರನ್ನು ಮುಂದೆ ಕರೆದು ಶಾಲು ಹೊದಿಸುತ್ತೇವೆ, ಫೇಲಾದ ಹುಡುಗ ಆ ದಿನ ಆರಾಧನೆಗೇ ಬಂದಿರುವುದಿಲ್ಲ. ಶಾಲು ಹೊದಿಸುವುದನ್ನು ನಿಲ್ಲಿಸಿ ಎನ್ನುತ್ತಿಲ್ಲ. ಅದೇ ಸಂಜೆ ಸಭಾಪಾಲಕರೂ ಹಿರಿಯರೂ ಅವನ ಮನೆಗೆ ಹೋಗಲಿ, ಅಲ್ಲೇ ಊಟ ಮಾಡಲಿ, ಕ್ವಾಯರ್‌ನಲ್ಲಿ ಅವನ ಜಾಗ ಹಾಗೇ ಇದೆ ಎಂದು ಹೇಳಿ ಬರಲಿ.